ಹೆಪ್ಪು ಯಾರ ಮನೆಯದು?

ಬೆಲ್ಜಿಯಂ ದೇಶದ ಬಿಯರ್ ಅಂದ ಕೂಡಲೇ ಜಗತ್ತಿಗೆ ನೆನಪಾಗೋದು ಮಠದ ಸನ್ಯಾಸಿ. ಎಷ್ಟೋ ಸೀಸೆಗಳ ಮೇಲೆ ಅವನದೇ ಚಿತ್ರ. ನಿಲುವಂಗಿ, ಕೈಯಲ್ಲಿ ಲೋಟ, ಮುಖದಲ್ಲಿ ತೃಪ್ತಿ. ಸಕ್ಕರೆ ಬೀಟಿನ ಹೊಲದಲ್ಲಿ ಸೊಂಟ ಬಗ್ಗಿಸಿ ನಿಂತ ಕೂಲಿಯವಳ ಚಿತ್ರ ಹಾಕಿದ ಸೀಸೆ ಹುಡುಕಿಕೊಂಡು ಹೋಗಬೇಕು. 2016ರಲ್ಲಿ ಯುನೆಸ್ಕೋ ಸಂಸ್ಥೆ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪರಂಪರೆ ಅನ್ನೋ ಮಾತು ಕಿವಿಗೆ ಬಿದ್ದ ತಕ್ಷಣ ಕೇಳಬೇಕಾದದ್ದು ಒಂದೇ: ಯಾರ ಪರಂಪರೆ?

ಹೆಂಡದ ಚರಿತ್ರೆ ನಮಗ್ಯಾಕೆ ಅಂತ ಕೇಳೋ ಗೆಳೆಯರಿದ್ದಾರೆ. ಕೇಳಲಿ. ಕುಡಿತ ಬಡವರ ಮನೆಯನ್ನು ಏನು ಮಾಡುತ್ತೆ ಅಂತ ಈ ಪುಟ ಓದುವವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಲ್ಲಿ ಮಾತು ಕುಡಿತದ್ದಲ್ಲ, ಒಂದು ಕೈಕಸುಬಿನ ತಿಳಿವಳಿಕೆಯದು. ಅದು ಯಾರ ಕೈಯಲ್ಲಿ ಹುಟ್ಟಿ ಯಾರ ಹೆಸರಿಗೆ ಖಾತೆಯಾಯಿತು ಅನ್ನೋದು.

ಇವತ್ತು ಯುರೋಪು ಅಮೆರಿಕಾಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಲಕ್ಷಾಂತರ ಜನ. ಇಂಗ್ಲೆಂಡಿನಲ್ಲಿ ಇದಕ್ಕೆ ಲೈಸೆನ್ಸು ಬೇಡ ಅಂತಾದದ್ದು 1963ರಲ್ಲಿ. ಅಮೆರಿಕಾದಲ್ಲಿ ಅಧ್ಯಕ್ಷ ಕಾರ್ಟರ್ 1978ರಲ್ಲಿ ಕಾಯಿದೆಗೆ ರುಜು ಹಾಕಿದ ಮೇಲೆ. ಇವರಲ್ಲಿ ಪಳಗಿದವರು ಹೊಸಬರಿಗೆ ಹೇಳಿಕೊಡೋ ಒಂದು ಮಾತಿದೆ. ಬೆಲ್ಜಿಯಂನ ಯೀಸ್ಟ್ ಆಗಲಿ, ಹೊಲಮನೆಗಳ ಯೀಸ್ಟ್ ಆಗಲಿ ತಂದರೆ, ನಿನಗೆ ಬೇಕಾದ ಹದಕ್ಕೆ ಅದನ್ನು ಬಗ್ಗಿಸಲು ಹೋಗಬೇಡ. ಅದಕ್ಕೆ ಒಗ್ಗುವ ಹದವನ್ನು ನೀನು ಆರಿಸಿಕೋ. ಕಾಳು ಯಾವುದು, ಸಕ್ಕರೆ ಎಷ್ಟು, ಕಹಿ ಎಷ್ಟು, ಬಿಸಿ ಎಷ್ಟು, ಇದನ್ನೆಲ್ಲ ಯೀಸ್ಟನ್ನು ನೋಡಿ ತೀರ್ಮಾನಿಸು. ಇದನ್ನು ಅನುಭವಿಗಳ ಗುಟ್ಟು ಅಂತ ಪುಸ್ತಕಗಳು ಬರೆಯುತ್ತವೆ. ಗುಟ್ಟು ಏನೂ ಇಲ್ಲ. ಆ ಯೀಸ್ಟುಗಳು ಒಂದೊಂದು ಬಗೆಯ ದುಡಿಮೆಯ ಮಧ್ಯೆ, ಒಂದೊಂದು ಬಗೆಯ ಬಡತನದ ಮಧ್ಯೆ ಬೆಳೆದು ಬಂದವು. ಆ ದುಡಿಮೆಯ ಗುರುತು ಅವುಗಳ ಮೈಮೇಲೆ ಇನ್ನೂ ಇದೆ.

ಮೊದಲು ಕೆಲಸ ಏನು ಅಂತ ನೋಡೋಣ. ಬಾರ್ಲಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡುತ್ತಾರೆ. ಇದೇ ಮಾಲ್ಟ್. ನಮ್ಮ ಮನೆಗಳಲ್ಲಿ ಮಗುವಿಗೆ ಮಾಡುವ ರಾಗಿ ಮಾಲ್ಟಿನ ದಾರಿಯೇ. ಅದನ್ನು ಬಿಸಿನೀರಿನಲ್ಲಿ ಕದಡಿ ಒಂದು ಗಂಟೆ ಬಿಟ್ಟರೆ ಹಿಟ್ಟಿನಂಶ ಸಕ್ಕರೆಯಾಗುತ್ತದೆ. ಸೋಸಿದರೆ ಸಿಹಿತಿಳಿ ಕೆಳಗೆ, ಬೂಸಾ ಮೇಲೆ. ಬೂಸಾ ದನಕ್ಕೆ. ತಿಳಿಯನ್ನು ಹಾಪ್ಸ್ ಅನ್ನೋ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ, ಹೆಪ್ಪು ಹಾಕುತ್ತಾರೆ. ಆ ಹೆಪ್ಪೇ ಯೀಸ್ಟ್. ಹಾಲಿಗೆ ನಿನ್ನೆಯ ಮೊಸರು ಹೇಗೋ, ಈ ತಿಳಿಗೆ ಹಿಂದಿನ ಸಲದ ಗಸಿ ಹಾಗೆ. ಅದು ಸಕ್ಕರೆ ತಿಂದು ಮದ್ಯಸಾರ ಮತ್ತು ಗಾಳಿ ಬಿಡುತ್ತದೆ. ಅಷ್ಟೇ ಅಲ್ಲ, ಬಾಳೆಹಣ್ಣಿನ ವಾಸನೆ, ಲವಂಗದ ವಾಸನೆ, ಕಿತ್ತಳೆಯ ವಾಸನೆ, ಇವನ್ನೂ ಬಿಡುತ್ತದೆ. ಯಾವ ವಾಸನೆ ಅನ್ನೋದು ಯಾವ ಮನೆಯ ಹೆಪ್ಪು ಅನ್ನೋದರ ಮೇಲೆ.

ಆ ಹೆಪ್ಪು ಒಂದು ಜೀವ ಅಂತ ಸಾವಿರಾರು ವರ್ಷ ಯಾರಿಗೂ ಗೊತ್ತಿರಲಿಲ್ಲ. 15ನೇ ಶತಮಾನದ ಇಂಗ್ಲೆಂಡಿನಲ್ಲಿ ಅದಕ್ಕೆ 'ದೇವರು ಒಳ್ಳೆಯವನು' ಅನ್ನೋ ಅರ್ಥದ ಹೆಸರೇ ಇತ್ತು. ನೋಡಿ, ಗಸಿಯನ್ನು ಎತ್ತಿಟ್ಟು, ಕೆಟ್ಟದ್ದನ್ನು ಚೆಲ್ಲಿ, ಒಳ್ಳೆಯದನ್ನು ಉಳಿಸಿ ಮುಂದಿನ ಸಲಕ್ಕೆ ದಾಟಿಸಿದ್ದು ಹೆಂಗಸರ ಕೈ, ಆಳುಗಳ ಕೈ. ಹೆಸರು ಮಾತ್ರ ದೇವರಿಗೆ! 1876ರಲ್ಲಿ ಪಾಶ್ಚರ್ ಬಿಯರ್ ಬಗ್ಗೆ ಗ್ರಂಥ ಬರೆದು ಈ ಜೀವಿಯ ಕೆಲಸವನ್ನು ವಿವರಿಸಿದ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಸ್ಟಿಯನ್ ಹಾನ್ಸೆನ್ ಒಂದೇ ಒಂದು ಯೀಸ್ಟ್ ಕಣವನ್ನು ಬೇರ್ಪಡಿಸಿ, ಅದರಿಂದಲೇ ಇಡೀ ತೊಟ್ಟಿಗೆ ಬೇಕಾದಷ್ಟು ಬೆಳೆಸುವುದನ್ನು ಸಾಧಿಸಿದ. ಇದು ದೊಡ್ಡ ವಿಜ್ಞಾನ, ಸಣ್ಣದು ಮಾಡಿ ಹೇಳೋದು ಬೇಡ. ಕಾರ್ಲ್ಸ್‌ಬರ್ಗಿನ ಯಜಮಾನ ಯಾಕೊಬ್ಸೆನ್ ಅದನ್ನು ಬಚ್ಚಿಡದೆ ಬೇರೆಯವರಿಗೂ ಕೊಟ್ಟ, ಅದನ್ನೂ ಹೇಳಬೇಕು. ಆದರೆ ಅಲ್ಲಿಂದಾಚೆಗೆ ಯೀಸ್ಟು ಅದನ್ನು ಸಾಕಿದ ಅಡುಗೆಮನೆಯಿಂದ ಕಳಚಿಕೊಂಡಿತು. ಗಾಜಿನ ನಳಿಗೆಯಲ್ಲಿ ಊರಿಂದ ಊರಿಗೆ ಹೋಗೋ ಸಾಮಾನಾಯಿತು. 'ಈ ಯೀಸ್ಟಿಗೆ ಯಾವ ಹದ?' ಅನ್ನೋ ಪ್ರಶ್ನೆ ಹುಟ್ಟಿದ್ದೇ ಆಗ. ಅದಕ್ಕೆ ಮುಂಚೆ ಮನೆಯ ಕಾಳು, ಮನೆಯ ಒಲೆ, ಮನೆಯ ಹೆಪ್ಪು ಒಂದೇ ಸಂಸಾರ. ಆ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿರಲಿಲ್ಲ.

ಈಗ ಬೆಲ್ಜಿಯಂನ ಫ್ರೆಂಚ್ ಮಾತಾಡುವ ದಕ್ಷಿಣ ಭಾಗಕ್ಕೆ ಬನ್ನಿ. ಎನೋ ಅನ್ನೋ ಜಿಲ್ಲೆ. ಒಂದು ಕಡೆ ಕಲ್ಲಿದ್ದಲು ಗಣಿ, ಗಾಜಿನ ಕಾರ್ಖಾನೆ. ಇನ್ನೊಂದು ಕಡೆ ಗೋಧಿ, ಬಾರ್ಲಿ, ಬೀಟು. ಇಲ್ಲಿಯ ಹೊಲಮನೆಗಳ ಬಿಯರಿಗೆ 'ಸೈಸನ್' ಅಂತ ಹೆಸರು. ಸೈಸನ್ ಅಂದರೆ ಹಂಗಾಮು. ಚಳಿಗಾಲದಲ್ಲಿ, ಹೊಲದಲ್ಲಿ ಕೆಲಸ ಕಡಿಮೆ ಇದ್ದಾಗ ಮಾಡಿಟ್ಟು, ಸುಗ್ಗಿಯ ಬಿಸಿಲಿನಲ್ಲಿ ಕುಡಿಯೋದು. ಬೇಸಿಗೆಯಲ್ಲಿ ಮಾಡಿದರೆ ಕೆಡುತ್ತಿತ್ತು.

ಇದರ ಬಗ್ಗೆ ಒಂದು ಚಂದದ ಕತೆ ಪುಸ್ತಕದಿಂದ ಪುಸ್ತಕಕ್ಕೆ ನಡೆದುಕೊಂಡು ಬಂದಿದೆ. ಸುಗ್ಗಿಗೆ ಬಂದ ಕೂಲಿಯಾಳುಗಳಿಗೆ ಒಡೆಯ ದಿನಕ್ಕೆ ನಾಲ್ಕೈದು ಲೀಟರ್ ಬಿಯರ್ ಕೊಡುತ್ತಿದ್ದ, ಅವರ ಬಾಯಾರಿಕೆಗಾಗಿಯೇ ಈ ಬಿಯರ್ ಹುಟ್ಟಿತು ಅಂತ. ಈಚಿನ ಸಂಶೋಧಕರು ಈ ಕತೆಯನ್ನು ಅನುಮಾನದಿಂದ ನೋಡುತ್ತಿದ್ದಾರೆ. ಹಳೆಯ ಕಾಗದಪತ್ರ ತೆಗೆದರೆ ಸೈಸನ್ ಅನ್ನೋ ಮಾತು ಲಿಯೇಜಿನಂಥ ಪಟ್ಟಣಗಳ ದೊಡ್ಡ ಬಟ್ಟಿಗಳಲ್ಲೂ ಕಾಣುತ್ತದೆ. ಕೂಲಿಯಾಳಿನ ಚೊಂಬು ಕಾಣೋದು ಅಪರೂಪ. ಬ್ರಸೆಲ್ಸಿನ ಬಿಯರ್ ಕುಶಲಿ ಇವಾನ್ ದ ಬಾಟ್ಸ್ 2004ರ ಒಂದು ಪುಸ್ತಕದಲ್ಲಿ ಬರೆದ ಅಧ್ಯಾಯದ ಪ್ರಕಾರ ಹಳೆಯ ಸೈಸನ್ ಇವತ್ತಿನದರ ಹಾಗೆ ಇರಲೇ ಇಲ್ಲ. ತಿಂಗಳುಗಟ್ಟಲೆ ಮರದ ಪೀಪಾಯಿಯಲ್ಲಿ ಕೂತು ಹುಳಿಯಾಗಿರುತ್ತಿತ್ತು, ಇಲ್ಲವೆ ಬಹಳ ಕಹಿಯಾಗಿರುತ್ತಿತ್ತು.

ಸಂಶೋಧಕರ ಅನುಮಾನ ಸರಿಯೇ. ಆದರೆ ಅದರಿಂದ ಯಾವ ತೀರ್ಮಾನಕ್ಕೆ ಬರಬೇಕು ಅನ್ನೋದರಲ್ಲಿ ತಕರಾರಿದೆ. ಕಾಗದ ಬರೆಯುತ್ತಿದ್ದವರು ಬಟ್ಟಿಯ ಮಾಲೀಕರು ಮತ್ತು ತೆರಿಗೆಯ ಗುಮಾಸ್ತರು. ಆಳುಗಳು ದಫ್ತರ ಇಡಲಿಲ್ಲ. ಇನ್ನು ಆ ಚಂದದ ಕತೆಯಲ್ಲಿ ನನಗೆ ಸುಳ್ಳು ಅನ್ನಿಸೋದು ಲೀಟರುಗಳ ಲೆಕ್ಕಕ್ಕಿಂತ 'ಕೊಡುತ್ತಿದ್ದ' ಅನ್ನೋ ಕ್ರಿಯಾಪದ. ಕೂಲಿಯ ಒಂದು ಭಾಗವನ್ನು ಕುಡಿತದಲ್ಲಿ ತೀರಿಸಿದರೆ ಅದು ಕೊಡುಗೆ ಹೇಗಾಗುತ್ತೆ? ಇಂಗ್ಲೆಂಡಿನಲ್ಲಿ ಇದು ಎಷ್ಟು ಬೆಳೆದಿತ್ತು ಅಂದರೆ 1887ರ ಕಾಯಿದೆಯೊಂದು, ಹೊಲದ ಆಳಿಗೆ ಕೂಲಿಯ ಜೊತೆ ಊಟ ಕೊಡಬಹುದು, ಮನೆ ಕೊಡಬಹುದು, ಮತ್ತೇರಿಸುವ ಪಾನೀಯ ಮಾತ್ರ ಕೂಡದು ಅಂತ ಬರೆಯಬೇಕಾಯಿತು. ಬೆಲ್ಜಿಯಂನಲ್ಲೂ ಅದೇ 1887ರಲ್ಲಿ, ಆಗಸ್ಟ್ 16ರಂದು, ಕೂಲಿ ಪಾವತಿಯ ಕಾಯಿದೆ ಬಂತು. ಹೆಂಡದಂಗಡಿಯಲ್ಲಿ ಕೂರಿಸಿ ಕೂಲಿ ಬಟವಾಡೆ ಮಾಡಬಾರದು ಅಂತ ಅದು ಹೇಳಿತು. ಆ ಕಾಯಿದೆ ಆಕಾಶದಿಂದ ಬೀಳಲಿಲ್ಲ. ಹಿಂದಿನ ವರ್ಷ, 1886ರ ಮಾರ್ಚಿನಲ್ಲಿ, ಲಿಯೇಜಿನಲ್ಲಿ ಎದ್ದ ಕಾರ್ಮಿಕರ ಬೆಂಕಿ ಇದೇ ಎನೋ ಜಿಲ್ಲೆಗೆ ಹಬ್ಬಿತ್ತು. ಶಾರ್ಲ್‌ರ್ವಾ ಹತ್ತಿರದ ಜ್ಯುಮೆಯಲ್ಲಿ ಗಾಜಿನ ಕಾರ್ಖಾನೆ ಸುಟ್ಟು ಹೋಯಿತು. ಸೈನ್ಯ ಗುಂಡು ಹಾರಿಸಿತು, ಕೂಲಿಗಾರರು ಸತ್ತರು. ಆ ಹೆಣಗಳ ಮೇಲೆ ಬಂದ ಕಾಯಿದೆ ಅದು. ಸೈಸನ್ ಬಗ್ಗೆ ಬರೆಯುವ ಬಣ್ಣಬಣ್ಣದ ಪುಸ್ತಕಗಳಲ್ಲಿ ಹಸಿರು ಹೊಲ ಇರುತ್ತೆ, ಹುಲ್ಲಿನ ಬಣವೆ ಇರುತ್ತೆ, ಜ್ಯುಮೆ ಇರೋದಿಲ್ಲ.

ಈ ಜಿಲ್ಲೆಯ ತೂರ್ಪ್ ಅನ್ನೋ ಹಳ್ಳಿಯಲ್ಲಿ 1844ರಿಂದ ಒಂದು ಹೊಲಮನೆ ಬಟ್ಟಿ ಇದೆ. 1920ರಲ್ಲಿ ಆಲ್‌ಫ್ರೆಡ್ ಡ್ಯುಪಾಂ ಅನ್ನುವವನು ಅದನ್ನು ಕೊಂಡ, ಕೆನಡಾಕ್ಕೆ ಹೊಲ ಮಾಡಲು ಹೊರಟಿದ್ದ ಮಗನನ್ನು ಊರಲ್ಲೇ ಉಳಿಸಿಕೊಳ್ಳಲು. ಇವತ್ತು ಜಗತ್ತಿನಲ್ಲೆಲ್ಲ ಸೈಸನ್ ಅಂದರೆ ಮಾದರಿಯಾಗಿರೋದು ಇಲ್ಲಿಯ ಸೀಸೆಯೇ. ಶೇಕಡಾ 6.5 ಮದ್ಯಸಾರ, ಒಣ ರುಚಿ, ಮೆಣಸು ಕುಟ್ಟಿದಂಥ ಘಾಟು. ಅದರಲ್ಲಿ ಮೆಣಸು ಇಲ್ಲ. ಆ ಘಾಟು ಯೀಸ್ಟಿನದು.

ಈ ಯೀಸ್ಟಿನ ಸ್ವಭಾವ ಮನೆಯಲ್ಲಿ ಮಾಡುವವರನ್ನು ಅಳಿಸಿಬಿಡುತ್ತೆ. ಬೇರೆ ಬಿಯರ್ ಯೀಸ್ಟುಗಳು 18–20 ಡಿಗ್ರಿಯಲ್ಲಿ ಸುಖವಾಗಿರುತ್ತವೆ, 30 ಆದರೆ ಕೆಟ್ಟ ವಾಸನೆ ಬಿಡುತ್ತವೆ. ಇದು 30 ದಾಟಿದರೇನೇ ಮೈ ಬಗ್ಗಿಸಿ ದುಡಿಯೋದು. ತಣ್ಣಗಿಟ್ಟರೆ ಅರ್ಧ ಕೆಲಸಕ್ಕೆ ನಿಂತುಬಿಡುತ್ತೆ. ತಿಳಿಯ ಗಟ್ಟಿತನ ಅಳೆಯಲು ಒಂದು ಗಾಜಿನ ಬುರುಡೆ ಇದೆ, ಹಾಲಿನ ಡೈರಿಯ ಲ್ಯಾಕ್ಟೋಮೀಟರಿನ ಅಣ್ಣ ಅನ್ನಿ. ನೀರು 1.000. ಹೆಪ್ಪು ಹಾಕುವಾಗ 1.055 ಇದ್ದ ತಿಳಿ, 1.035ಕ್ಕೆ ಬಂದು ವಾರಗಟ್ಟಲೆ ಅಲ್ಲೇ ಕೂತಿತು ಅಂತ ಗೋಳಾಡುವವರು ಲೆಕ್ಕವಿಲ್ಲ. ಬಿಸಿ ಕೊಟ್ಟು, ಪಾತ್ರೆಯ ಬಾಯಿ ಬಿಗಿಯದೆ ಸಡಿಲ ಬಿಟ್ಟು ಕಾದರೆ 1.004ಕ್ಕೆ ಇಳಿಯುತ್ತದೆ.

ಹಾಗಾದರೆ ಇದಕ್ಕೆ ಯಾವ ಹದ? ಬಡವರ ಹದ. 20 ಲೀಟರಿಗೆ ನಾಲ್ಕು ಕಿಲೋ ಸಾದಾ ಬಿಳಿ ಮಾಲ್ಟ್, ಅರ್ಧ ಕಿಲೋ ಗೋಧಿ, ಕಾಲು ಕಿಲೋ ಸಕ್ಕರೆ. ನುಚ್ಚು ಕದಡುವ ನೀರು 64–65 ಡಿಗ್ರಿಗೆ ಮೇಲೆ ಹೋಗದಿದ್ದರೆ ಯೀಸ್ಟು ತಿನ್ನಬಲ್ಲ ಸಕ್ಕರೆಯೇ ಹೆಚ್ಚು ಬಿಡುತ್ತದೆ, ಕೊನೆಗೆ ಸಿಹಿ ಉಳಿಯೋದಿಲ್ಲ. ಹಾಪ್ಸಿನ ಕಹಿ ನಡುವಿನದು. ಹುರಿದ ಮಾಲ್ಟು, ಬಣ್ಣದ ಮಾಲ್ಟು ಏನೂ ಬೇಡ. ಹೊಲಮನೆಯಲ್ಲಿ ಇದ್ದದ್ದು ಇದೇ: ಮನೆಯ ಬಾರ್ಲಿ, ಮಿಕ್ಕ ಗೋಧಿ, ಒಮ್ಮೊಮ್ಮೆ ಓಟ್ಸ್, ಒಮ್ಮೊಮ್ಮೆ ಸ್ಪೆಲ್ಟ್ ಅನ್ನೋ ಹಳೇ ಗೋಧಿ. ಪಟ್ಟಣದ ಉತ್ಸಾಹಿಗಳು ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ಮೆಣಸು, ಶುಂಠಿ ಎಲ್ಲ ಸುರಿದು 'ಹಳ್ಳಿಯ ಬಿಯರ್' ಅಂತ ಹೆಸರಿಡುತ್ತಾರೆ. ಕೊನೆಗೆ ಯೀಸ್ಟಿನ ದನಿಯೇ ಕೇಳಿಸೋದಿಲ್ಲ. ಹಳ್ಳಿಯವರ ಬಾಯಿ ಮುಚ್ಚಿಸಿ ಹಳ್ಳಿಯ ಬಗ್ಗೆ ಭಾಷಣ ಮಾಡುವ ಅಭ್ಯಾಸ ಅಲ್ಲೂ ಇದೆ.

ಸೈಸನ್ ಯೀಸ್ಟುಗಳಲ್ಲಿ ಇನ್ನೊಂದು ಜಾತಿ, ಫ್ರಾನ್ಸಿನ ಗಡಿಯ ಕಡೆಯದು. ಬೇರೆ ಯೀಸ್ಟುಗಳು ತಿನ್ನಲಾಗದೆ ಬಿಟ್ಟ ಒರಟು ಸಕ್ಕರೆಯನ್ನೂ ಇದು ಒಡೆದು ತಿನ್ನುತ್ತದೆ. ಅದಕ್ಕೆ ಬೇಕಾದ ಕಿಣ್ವ ಅದರ ಮೈಯಲ್ಲೇ ಇದೆ. ವಿಜ್ಞಾನಿಗಳು ಆ ವಂಶವಾಹಿಗೆ ಎಸ್‌ಟಿಎ-1 ಅಂತ ಹೆಸರಿಟ್ಟಿದ್ದಾರೆ. ಇದಕ್ಕೆ ಸಕ್ಕರೆ ಸೇರಿಸುವ ಅಗತ್ಯವೇ ಇಲ್ಲ. ಓಟ್ಸೋ ಗೋಧಿಯೋ ಸೇರಿಸಿ ಬಾಯಿಗೆ ಸ್ವಲ್ಪ ತುಂಬು ತರಬೇಕು. ತಾಳ್ಮೆಯೂ ಬೇಕು. ಕೆಲಸ ಮುಗಿಯಿತು ಅಂತ ಅವಸರದಲ್ಲಿ ಸೀಸೆಗೆ ತುಂಬಿದರೆ, ಒಳಗೆ ಅದು ತಿನ್ನುತ್ತಲೇ ಇರುತ್ತದೆ, ಸೀಸೆ ಸಿಡಿಯುತ್ತದೆ.

ಇನ್ನು ಮಠಗಳ ಬಿಯರ್. ಸನ್ಯಾಸಿಗಳ ಸಾವಿರ ವರ್ಷದ ಗುಟ್ಟು ಅಂತ ಮಾರುವ ಈ ಗಟ್ಟಿ ಬಿಯರುಗಳ ಹಿಂದೆ ಒಂದು ಸಮಾಜವಾದಿ ಕಾಯಿದೆ ಇದೆ ಅಂದರೆ ನಂಬುತ್ತೀರಾ? ಬೆಲ್ಜಿಯಂನ ಕಾರ್ಮಿಕ ಪಕ್ಷದ ಮುಂದಾಳು ಎಮಿಲ್ ವಾಂಡರ್‌ವೆಲ್ಡ್ ಕಾನೂನು ಮಂತ್ರಿಯಾಗಿದ್ದಾಗ, 1919ರ ಆಗಸ್ಟ್ 29ರಂದು, ಅಂಗಡಿಗಳಲ್ಲಿ ಕೂತು ಜಿನೇವರ್‌ನಂಥ ಕಟು ಸಾರಾಯಿ ಕುಡಿಯೋದನ್ನು ನಿಷೇಧಿಸಿದ. ಮನೆಗೆ ಒಯ್ಯುವುದಾದರೆ ಕನಿಷ್ಠ ಎರಡು ಲೀಟರ್ ಕೊಳ್ಳಬೇಕು. ದಿನಗೂಲಿಯವನ ಕೈಗೆ ಅದು ಎಟುಕಬಾರದು ಅಂತಲೇ ಆ ಲೆಕ್ಕ. ಸಾಹುಕಾರನಿಗೆ ಎರಡು ಲೀಟರ್ ಏನು ದೊಡ್ಡದು? ಈ ಕಾಯಿದೆ 1983ರ ವರೆಗೂ ಇತ್ತು. ಸಾರಾಯಿ ಸಿಗದವರು ಬಲವಾದ ಬಿಯರ್ ಕೇಳಿದರು. ಬ್ರೀನ್‌ಡಾಂಕ್ ಊರಿನ ಮೋರ್ಟ್‌ಗಾಟ್ ಮನೆತನ ಮೊದಲ ಮಹಾಯುದ್ಧದ ನಂತರ ಸ್ಕಾಟ್ಲೆಂಡಿನಿಂದ ಯೀಸ್ಟ್ ತಂದು ಮಾಡಿದ ಬಲವಾದ ಬಿಯರಿಗೆ 1923ರಲ್ಲಿ ಡುವೆಲ್, ಅಂದರೆ ಸೈತಾನ, ಅಂತ ಹೆಸರು ಬಂತು. ವೆಸ್ಟ್‌ಮಲ್ ಮಠದ ಹೆಸರುವಾಸಿ ತ್ರಿಪೆಲ್ 1934ರದು. ಶಿಮೇ ಮಠದ ಯೀಸ್ಟನ್ನು ಫಾದರ್ ತಿಯೋದೋರ್ ಬೇರ್ಪಡಿಸಿದ್ದು 1948ರಲ್ಲಿ, ಲೂವೆನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾನ್ ದ ಕ್ಲರ್ಕರ ನೆರವಿನಿಂದ. ಓರ್ವಾಲ್ ಮಠದ ಬಟ್ಟಿ ಶುರುವಾದದ್ದು 1931ರಲ್ಲಿ, ಮಠ ಕಟ್ಟುವ ಖರ್ಚಿಗೆ. ಅದರ ಹದ ರೂಪಿಸಿದವರು ಸನ್ಯಾಸಿಗಳಲ್ಲ, ಸಂಬಳದ ಕೆಲಸಗಾರರು. ಮೊದಲ ಮುಖ್ಯ ಬಟ್ಟಿಗಾರ ಪಾಪೆನ್‌ಹೈಮರ್ ಅನ್ನೋ ಜರ್ಮನಿಯವನು. ಸಾವಿರ ವರ್ಷ ಎಲ್ಲಿ ಬಂತು?

ಈ ಗಟ್ಟಿ ಬಿಯರುಗಳ ಗುಟ್ಟು ಸಕ್ಕರೆ. ಬರೀ ಮಾಲ್ಟಿನಿಂದ ಶೇಕಡಾ 9ರ ಬಲಕ್ಕೆ ಹೋದರೆ ಅಂಬಲಿಯಂತೆ ದಪ್ಪವಾಗುತ್ತದೆ. ಐದರಲ್ಲೊಂದು ಪಾಲಿನವರೆಗೆ ಸಕ್ಕರೆ ಹಾಕಿದರೆ ಬಲವೂ ಬರುತ್ತೆ, ಗಂಟಲಲ್ಲಿ ಹಗುರವಾಗಿಯೂ ಇಳಿಯುತ್ತೆ. ವೆಸ್ಟ್‌ಮಲ್ ಯೀಸ್ಟು ಸಿಕ್ಕಿದವರು ಬಿಳಿ ಮಾಲ್ಟು, ಸಕ್ಕರೆ ಎರಡನ್ನೇ ನೆಚ್ಚಿಕೊಂಡು, 18 ಡಿಗ್ರಿಯಲ್ಲಿ ಶುರುಮಾಡಿ ಮೆಲ್ಲಗೆ 22ರವರೆಗೆ ಬಿಟ್ಟರೆ ಹಣ್ಣಿನ ವಾಸನೆ, ಲವಂಗದ ವಾಸನೆ ತಾನಾಗಿ ಬರುತ್ತೆ. ಅವಸರಪಟ್ಟು ಮೊದಲ ದಿನವೇ ಬಿಸಿ ಮಾಡಿದರೆ ಬರೋದು ಸ್ಪಿರಿಟಿನ ಘಾಟು. ಸೈಸನ್ ಯೀಸ್ಟಿಗೆ ಸರಿಹೋದದ್ದು ಇದಕ್ಕೆ ಆಗದು.

ಆ ಸಕ್ಕರೆ ಎಲ್ಲಿಯದು? ಬೀಟಿನದು. ಬೀಟ್ ಕಳೆ ತೆಗೆಯಲು, ಅಗೆಯಲು, ಫ್ಲಾಂಡರ್ಸಿನ ಬಡ ಹಳ್ಳಿಗಳಿಂದ ಸಾವಿರಾರು ಜನ ವರ್ಷವರ್ಷ ಗಂಟುಮೂಟೆ ಕಟ್ಟಿಕೊಂಡು ವಲೋನಿಯಾಕ್ಕೆ, ಉತ್ತರ ಫ್ರಾನ್ಸಿಗೆ ಗುಳೆ ಹೋಗುತ್ತಿದ್ದರು. ಕಬ್ಬು ಕಡಿಯುವ ಗ್ಯಾಂಗುಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಸನ್ಯಾಸಿಯ ಚಿತ್ರವಿರುವ ಸೀಸೆಯೊಳಗೆ ಅವರ ಬೆವರು ಕರಗಿದೆ.

ಹೊಗೆಗಾರ್ಡನ್ ಅಂತ ಬರೆದರೂ ಹೂಗಾರ್ಡನ್ ಅಂತ ಓದುವ ಒಂದು ಊರಿದೆ. ಅಲ್ಲಿಯ ಗೋಧಿ ಬಿಯರಿನ ಕೊನೆಯ ಬಟ್ಟಿ 1957ರಲ್ಲಿ ಮುಚ್ಚಿತು. 1966ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟವನು ಪಿಯರ್ ಸೆಲಿಸ್ ಎಂಬ ಹಾಲು ಮಾರುವವನು. ಹುಡುಗನಾಗಿದ್ದಾಗ ಆ ಬಟ್ಟಿಯಲ್ಲಿ ಕೈಕೆಲಸ ಮಾಡಿದ ನೆನಪೇ ಅವನ ಪಠ್ಯಪುಸ್ತಕ. ಅರ್ಧ ಮಾಲ್ಟು, ಅರ್ಧ ಹಸಿ ಗೋಧಿ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ. ಇಲ್ಲಿ ಮಸಾಲೆ ಸಲ್ಲುತ್ತದೆ, ಯಾಕಂದರೆ ಯೀಸ್ಟಿನ ಲವಂಗದ ವಾಸನೆಗೆ ಅದು ಜೋಡಿ. 1985ರಲ್ಲಿ ಬಟ್ಟಿಗೆ ಬೆಂಕಿ ಬಿತ್ತು, ಸಾಲ ಬಂತು, ಕೊನೆಗೆ ದೊಡ್ಡ ಕಂಪನಿಯ ಪಾಲಾಯಿತು. 2005ರಲ್ಲಿ ಕಂಪನಿ ಊರಿನ ಬಟ್ಟಿ ಮುಚ್ಚಿ ಜ್ಯುಪಿಯ ಕಾರ್ಖಾನೆಗೆ ಸಾಗಿಸುತ್ತೇವೆ ಅಂದಿತು. ಊರವರು ಬೀದಿಗಿಳಿದರು. 2007ರಲ್ಲಿ ಕಂಪನಿ ತನ್ನ ತೀರ್ಮಾನ ವಾಪಸ್ ತೆಗೆದುಕೊಂಡಿತು.

ಈ ಲವಂಗದ ವಾಸನೆಯ ವಿಷಯ ಸ್ವಲ್ಪ ಬಿಡಿಸಬೇಕು. ಕಾಡಿನ ಯೀಸ್ಟುಗಳಿಗೆಲ್ಲ ಸಾಮಾನ್ಯವಾಗಿ ಇದು ಇರುತ್ತೆ. 2016ರಲ್ಲಿ ಲೂವೆನ್‌ನ ಕೆವಿನ್ ವರ್ಸ್ಟ್ರೆಪೆನ್ ಮತ್ತು ಸಂಗಡಿಗರು 157 ಯೀಸ್ಟುಗಳ ವಂಶಾವಳಿ ಬಿಡಿಸಿ ನೋಡಿದರು. ಬಿಯರ್ ಯೀಸ್ಟುಗಳಲ್ಲಿ ಹೆಚ್ಚಿನವು ಈ ವಾಸನೆಯ ವಂಶವಾಹಿಯನ್ನು ಕಳೆದುಕೊಂಡಿವೆ. ಬೆಲ್ಜಿಯಂನ ಕೆಲವು ಮತ್ತು ಗೋಧಿ ಬಿಯರಿನವು ಉಳಿಸಿಕೊಂಡಿವೆ. ಪಳಗಿಸುವ ಈ ಕೆಲಸ ಶುರುವಾದದ್ದು ಸುಮಾರು 16–17ನೇ ಶತಮಾನದಲ್ಲಿ ಅಂತ ಅವರ ಅಂದಾಜು. ಅಂದರೆ ಪಾಶ್ಚರ್ ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲು! ಕಣ್ಣಿಗೆ ಕಾಣದ ಜೀವಿಯೊಂದನ್ನು ಬರೀ ಮೂಗಿನಿಂದ, ನಾಲಗೆಯಿಂದ, 'ಇದು ಬೇಡ, ಇದು ಇರಲಿ' ಅಂತ ಆರಿಸುತ್ತ ಅದರ ರಕ್ತವನ್ನೇ ಬದಲಿಸಿದವರು ಅಕ್ಷರ ಬಾರದವರು. ವಿದ್ಯೆ ಅಂದರೆ ಏನು ಅಂತ ನಮ್ಮ ಪಠ್ಯಪುಸ್ತಕಗಳು ಇನ್ನೊಮ್ಮೆ ಯೋಚಿಸಬೇಕು.

ಇದರ ದೊಡ್ಡ ಸಾಕ್ಷಿ ನಾರ್ವೆಯ ಪಶ್ಚಿಮ ಕಣಿವೆಗಳಲ್ಲಿದೆ. ಅಲ್ಲಿ ಮನೆಯ ಹೆಪ್ಪಿಗೆ 'ಕ್ವೈಕ್' ಅಂತಾರೆ, ಕಿಡಿ ಹೊತ್ತಿಸುವ ಮಾತಿನ ಸಂಬಂಧದ ಪದ. ಹಳೆಯ ಗುಲಾತಿಂಗ್ ಕಾನೂನಿನಲ್ಲಿ ರೈತ ಹಬ್ಬಕ್ಕೆ ಬಿಯರ್ ಮಾಡಲೇಬೇಕು ಅಂತಿತ್ತು, ಮಾಡದಿದ್ದರೆ ದಂಡ. ಹಟ ಹಿಡಿದರೆ ಆಸ್ತಿಯೇ ಹೋಗುತ್ತಿತ್ತು. ವರ್ಷಕ್ಕೆ ಕೆಲವೇ ಸಲ ಮಾಡೋದು: ಕ್ರಿಸ್ಮಸ್ಸಿಗೆ, ಮದುವೆಗೆ, ಸಾವಿಗೆ. ನಡುವೆ ಹೆಪ್ಪನ್ನು ಒಣಗಿಸಿ ಇಡಬೇಕು. ತೂತು ಕೊರೆದ ಮರದ ತುಂಡು, ಮರದ ಉಂಗುರಗಳ ಸರ, ಹುಲ್ಲಿನ ಸಿಂಬೆ, ಬಟ್ಟೆ, ಇವನ್ನು ಗಸಿಯಲ್ಲಿ ಅದ್ದಿ ತೂಗುಹಾಕುತ್ತಿದ್ದರು. ಥರ್ಮಾಮೀಟರ್ ಇಲ್ಲ. 'ಹಾಲಿನ ಬೆಚ್ಚಗೆ' ಇರುವಾಗ ಹೆಪ್ಪು ಹಾಕು, ಅಂದರೆ ಆಗತಾನೆ ಕರೆದ ಹಾಲಿನಷ್ಟು. ಸುಮಾರು 35–37 ಡಿಗ್ರಿ. ವೋಸ್ ಕಣಿವೆಯ ಸಿಗ್ಮುಂಡ್ ಯೆರ್ನೆಸ್ ಅವರ ಮನೆಯಲ್ಲಿ 39 ಡಿಗ್ರಿಗೇ ಹಾಕುತ್ತಾರೆ. ತಿಳಿಯನ್ನು ಬೇಗ ಆರಿಸುವ ಯಂತ್ರ ರೈತನಿಗೆಲ್ಲಿ? ತಡ ಮಾಡಿದರೆ ಬೇರೆ ಕ್ರಿಮಿ ಸೇರುತ್ತೆ. ಆದ್ದರಿಂದ ಬಿಸಿಯಲ್ಲೇ ಹಾಕು, ಎರಡು ಮೂರು ದಿನದಲ್ಲಿ ಮುಗಿಯಲಿ. ತಲೆಮಾರುಗಟ್ಟಲೆ ಹೀಗೆ ಮಾಡಿ ಮಾಡಿ, ಬಿಸಿಗೂ ಒಣಗಿಗೂ ಅಂಜದ ಯೀಸ್ಟು ಉಳಿಯಿತು. ಲವಂಗದ ವಾಸನೆ ಬಿಡುವುದು ಹೋಯಿತು, ವೋಸಿನದರಲ್ಲಿ ಕಿತ್ತಳೆ ವಾಸನೆ ನಿಂತಿತು.

ಪಟ್ಟಣದ ತಜ್ಞರಿಗೆ 39 ಡಿಗ್ರಿ ಅನ್ನೋದು ಹುಚ್ಚು ಮಾತು. ಲಾರ್ಸ್ ಮಾರಿಯುಸ್ ಗಾರ್ಶೋಲ್ ಅನ್ನೋ ನಾರ್ವೆಯವರು ಹಳ್ಳಿ ಹಳ್ಳಿ ಸುತ್ತಿ, ಮುದುಕರ ಪಕ್ಕ ನಿಂತು ಬರೆದುಕೊಂಡು, ಈ ಹೆಪ್ಪುಗಳನ್ನು ಪ್ರಯೋಗಶಾಲೆಗಳಿಗೆ ಮುಟ್ಟಿಸಿದರು. ಅವರೂ ಸಹ ಕೈಜೋಡಿಸಿದ 2018ರ ಸಂಶೋಧನಾ ಪ್ರಬಂಧ, ಕ್ವೈಕ್ ಯೀಸ್ಟುಗಳು ಪಳಗಿದ ಬಿಯರ್ ಯೀಸ್ಟುಗಳಲ್ಲೇ ಬೇರೆಯದೇ ಒಂದು ಕುಲ ಅಂತ ತೋರಿಸಿತು. ಹಳ್ಳಿಯ ಮಾತು ಹುಚ್ಚಲ್ಲ ಅಂತಾಯಿತು.

ಇದಕ್ಕೆ ಒಗ್ಗುವ ಹದ ಸೈಸನ್ನಿಗೆ ತದ್ವಿರುದ್ಧ. ಹಬ್ಬದ ಬಿಯರ್ ಬಲವಾಗಿಯೇ ಇರಬೇಕು. 20 ಲೀಟರಿಗೆ ಆರೂವರೆ ಕಿಲೋ ಬಿಳಿ ಮಾಲ್ಟು. ಬರೀ ನೀರಲ್ಲ, ಜುನಿಪರ್ ಗಿಡದ ಕೊಂಬೆ ಹಾಕಿ ಕಾಯಿಸಿದ ನೀರು. ವೋಸಿನಲ್ಲಿ ಮೂರು ನಾಲ್ಕು ಗಂಟೆ ಕುದಿಸಿ ಕೆಂಪಗೆ ಮಾಡುತ್ತಾರೆ. ಉತ್ತರದ ಹೋರ್ನಿಂದಾಲ್ ಕಡೆ ತಿಳಿಯನ್ನು ಕುದಿಸುವುದೇ ಇಲ್ಲ. ಹಾಪ್ಸ್ ಕಡಿಮೆ. ಒಣಗಿದ ಹೆಪ್ಪು ಒಂದು ಚಮಚ ಸಾಕು. ಜಾಸ್ತಿ ಹಾಕಿದರೆ ವಾಸನೆ ಮಂಕಾಗುತ್ತೆ. ತೆಳು ಬಿಯರಿಗೆ ಇದನ್ನು ಹಾಕಿದವರು ಸೋಲುತ್ತಾರೆ. ಗಟ್ಟಿ ತಿಳಿಯ ಪೌಷ್ಟಿಕಕ್ಕೆ ಒಗ್ಗಿದ ಯೀಸ್ಟು ಇದು, ತೆಳುವಿನಲ್ಲಿ ಅದಕ್ಕೆ ಹೊಟ್ಟೆಗೆ ಸಾಲದು, ಬೇರೆ ಪೌಷ್ಟಿಕ ಕೂಡಿಸಬೇಕಾಗುತ್ತೆ.

ಯಾರ ಮನೆಯ ಹೆಪ್ಪಾದರೂ ಕೆಟ್ಟರೆ ಪಕ್ಕದ ಮನೆಗೆ ಹೋಗಿ ಕೇಳಿ ತರುವುದು ಆ ಕಣಿವೆಗಳ ರೂಢಿ. ಹೆಪ್ಪಿಗೆ ದುಡ್ಡು ಕೇಳುವಂತಿಲ್ಲ. ಹಾಗಾಗಿ ಅದು ಒಬ್ಬರದಾಗಿ ಉಳಿಯಲಿಲ್ಲ, ಊರದಾಯಿತು. ಹೆಪ್ಪಿನ ಬಟ್ಟಲು ಕೇರಿಯ ಗಡಿಗೆ ಬಂದು ನಿಂತುಬಿಡುವ ನಮ್ಮ ಊರುಗಳಲ್ಲಿ ಕೂತು ಇದನ್ನು ಓದುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತೆ.

ಈಗ ಅದೇ ಕ್ವೈಕ್ ಪೊಟ್ಟಣದಲ್ಲಿ, ಜಗತ್ತಿನ ಅಂಗಡಿಗಳಲ್ಲಿ. ಅಮೆರಿಕಾದಲ್ಲಿ 1986ರಿಂದ ವೈಯೀಸ್ಟ್, 1995ರಿಂದ ವೈಟ್ ಲ್ಯಾಬ್ಸ್ ಅನ್ನೋ ಕಂಪನಿಗಳು ಮನೆಯಲ್ಲಿ ಮಾಡುವವರಿಗೆ ದ್ರವರೂಪದ ಯೀಸ್ಟ್ ಮಾರುತ್ತ ಬಂದಿವೆ; ಆಮೇಲೆ ಬಂದವು ಇನ್ನೂ ಹಲವು. ಅವರಿಂದಲೇ ಎಷ್ಟೋ ಜನರಿಗೆ ಈ ಯೀಸ್ಟುಗಳು ಸಿಕ್ಕಿವೆ, ಅದು ನಿಜ. ಆದರೆ ಪೊಟ್ಟಣದೊಳಗೆ ಇರುವುದು ಸಾಮಾನ್ಯವಾಗಿ ಒಂದೇ ತಳಿ. ಹೊಲಮನೆಯ ಹೆಪ್ಪಿನಲ್ಲಿ ಹಲವು ತಳಿಗಳು ಕೂಡಿ ಬಾಳುತ್ತವೆ, ಹೋರ್ನಿಂದಾಲಿನದರಲ್ಲಿ ಬ್ಯಾಕ್ಟೀರಿಯಾವೂ ಉಂಟು. ತುಂಬಿದ ಮನೆಯಿಂದ ಒಬ್ಬನನ್ನೇ ಎಬ್ಬಿಸಿ ತಂದು ಇವನೇ ಆ ಮನೆ ಅಂದ ಹಾಗೆ. ಪೊಟ್ಟಣ ತಂದವರು ಹದ ಆರಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯಬೇಕು: ಹಳ್ಳಿಯ ವಿವರಣೆಯಲ್ಲಿ ಹೇಳಿದ ರುಚಿಯಷ್ಟೂ ಆ ಒಂಟಿ ತಳಿಯಿಂದ ಬರಲಾರದು.

ಗಾರ್ಶೋಲ್ ಈ ಹೆಪ್ಪುಗಳದೊಂದು ದಾಖಲೆ ಪಟ್ಟಿ ಇಟ್ಟಿದ್ದಾರೆ. ಒಂದೊಂದಕ್ಕೂ ಒಂದು ನಂಬರು, ಇಟ್ಟುಕೊಂಡವರ ಹೆಸರು, ಊರು, ಎಷ್ಟು ಬಿಸಿಯಲ್ಲಿ ಹಾಕುತ್ತಾರೆ, ಗಸಿಯನ್ನು ಮೇಲಿಂದ ತೆಗೆಯುತ್ತಾರೋ ತಳದಿಂದಲೋ ಅನ್ನೋ ವಿವರ. ಒಂದನೇ ನಂಬರು ವೋಸಿನ ಸಿಗ್ಮುಂಡ್ ಅವರದು. ಯುನೆಸ್ಕೋ ಪಟ್ಟಿಗಿಂತ ಈ ಪಟ್ಟಿ ಓದುವುದಕ್ಕೆ ಚೆನ್ನಾಗಿದೆ. 1900ರ ಹೊತ್ತಿಗೆ ಬೆಲ್ಜಿಯಂನಲ್ಲಿ ಸುಮಾರು 3,000 ಬಟ್ಟಿಗಳಿದ್ದವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಅವುಗಳ ತಾಮ್ರದ ಹಂಡೆಗಳನ್ನು ಕಿತ್ತುಕೊಂಡು ಹೋಯಿತು, ಮಿಕ್ಕವುಗಳಲ್ಲಿ ಬಹುಪಾಲನ್ನು ದೊಡ್ಡ ಕಾರ್ಖಾನೆಗಳು ನುಂಗಿದವು. ಹಂಡೆ ಹೋದ ಮನೆಯಲ್ಲಿ ಗಸಿಯನ್ನು ಯಾರು ಎತ್ತಿಡುತ್ತಾರೆ? ಎನೋ ಜಿಲ್ಲೆಯ ಹೊಲಮನೆಗಳಲ್ಲಿ ಅದನ್ನು ಎತ್ತಿಟ್ಟುಕೊಂಡು ಬಂದಿದ್ದವರ ಹೆಸರು, ನಂಬರು ಯಾವ ಪೊಟ್ಟಣದ ಮೇಲೂ ಇಲ್ಲ. 'ಬೆಲ್ಜಿಯಂ ಸೈಸನ್' ಅಂತ ಇದೆ, ಕೆಳಗೆ ಬಿಸಿ ಎಷ್ಟಿರಬೇಕು ಅಂತ ಇದೆ.